ಕುಟುಂಬ ಸಮೇತ ಕೆಸರಿಗೆ ಬನ್ನಿ

ಹಳ್ಳಿಯೊಂದರ ನಡಿಗೆ ದಾರಿಗೆ ಹಾಕಿದ ಆ ಹಸಿರು ಬೋರ್ಡಿನ ಫೋಟೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ‘ಕುಟುಂಬಸ್ನೇಹಿ ಗ್ರಾಮ ನಡಿಗೆ. ದೂರ: 3 ಕಿ.ಮೀ. ಮಟ್ಟ: ಸುಲಭ.’ ಅಪ್ಪ, ಅವ್ವ, ಎರಡು ಮಕ್ಕಳು ಕೈಕೈ ಹಿಡಿದು ಹೊರಟಿದ್ದಾರೆ. ಅವರ ಬೆನ್ನ ಹಿಂದೆ ಮಂಜು ಮುಸುಕಿದ ಗುಡ್ಡ, ಕಾಫಿ ತೋಟ. ಕಲಬುರಗಿ ಜಿಲ್ಲೆಯ ಕಪ್ಪು ಎರೆ ಮಣ್ಣಿನ ಸೀಮೆಯಲ್ಲಿ ಕಾಫಿ ಬೆಳೆಸಿದ ಕೀರ್ತಿ ಆ ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಸಲ್ಲಬೇಕು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಸುತ್ತಲಿನ ಹತ್ತು ಊರಿನವರು ‘ನಮ್ಮಲ್ಲೂ ಇದೇ ಕಥಿ, ನಮ್ಮನ್ನ್ಯಾಕ ಬಿಟ್ರಿ?’ ಎಂದು ಜಗಳಕ್ಕೆ ಬರುತ್ತಾರೆ.

‘ಸುಲಭ’ ಎಂದು ಬರೆಸಿದ ಪುಣ್ಯಾತ್ಮರು ಮಳೆ ಬಿದ್ದ ಮರುದಿನ ಎರೆ ಹೊಲದಲ್ಲಿ ಹತ್ತು ಹೆಜ್ಜೆ ಹಾಕಿ ನೋಡಬೇಕಿತ್ತು. ಮೊದಲ ಐದು ಹೆಜ್ಜೆಗೆ ಚಪ್ಪಲಿಯ ತಳಕ್ಕೆ ಒಂದು ಪದರ ಹತ್ತುತ್ತದೆ. ಆ ಪದರಕ್ಕೆ ಮತ್ತೊಂದು ಪದರ, ಅದಕ್ಕೆ ಜೋಳದ ದಂಟು, ಕಸ, ಒಂದೆರಡು ಹರಳು. ಐವತ್ತು ಹೆಜ್ಜೆಯಲ್ಲಿ ನೀವು ಮೂರು ಇಂಚು ಎತ್ತರವಾಗಿರುತ್ತೀರಿ. ಆಮೇಲೆ ಚಪ್ಪಲಿಯ ಉಂಗುಟ ಕಿತ್ತು ಕೈಗೆ ಬರುತ್ತದೆ. ಶೂ ಹಾಕಿಕೊಂಡವರ ಗತಿ ಇನ್ನೂ ಕಷ್ಟ, ತಳದ ಗೆರೆಗಳಲ್ಲೆಲ್ಲ ಮಣ್ಣು ಕೂತು ಒಂದೊಂದು ಕಾಲು ಒಂದೊಂದು ಕಿಲೋ ಭಾರ. ಆ ಮಣ್ಣನ್ನು ತೆಗೆಯುವುದಕ್ಕೂ ಕ್ರಮವಿದೆ. ಹಸಿ ಇದ್ದಾಗಲೇ ಕಟಗಿಯಿಂದ ಕೆರೆದು ಬಿಡಬೇಕು, ಇಲ್ಲವೇ ಪೂರ್ತಿ ಒಣಗುವ ತನಕ ಬಿಟ್ಟು ಕಲ್ಲಿಗೆ ಬಡಿಯಬೇಕು, ಹೆಂಟೆ ಹೆಂಟೆಯಾಗಿ ಉದುರುತ್ತದೆ. ಅರೆ ಹಸಿಯಲ್ಲಿ ನೀರು ಹಾಕಿ ತಿಕ್ಕಿದರೆ ಮಣ್ಣು ಹೋಗುವುದಿಲ್ಲ, ಬಟ್ಟೆಗೆ ಬರುತ್ತದೆ. ಊರವರು ಇಷ್ಟೆಲ್ಲ ಮಾಡುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುತ್ತಾರೆ. ಬರಿಗಾಲಿಗಾಗಿ ಜಾಲಿ ಮುಳ್ಳು ಕಾದಿರುತ್ತದೆ.

ಇನ್ನು ಫೋಟೊದಲ್ಲಿ ಮಿಂಚುವ ಆ ಇನ್ನೂರು ಮೀಟರು ಫರ್ಸಿ ದಾರಿ. ಕಲ್ಲು ನಮ್ಮದೇ ಶಹಾಬಾದ್ ಕಲ್ಲು, ಅದಕ್ಕೆ ಹೆಸರಿಡುವಂತಿಲ್ಲ. ಆದರೆ ಅದನ್ನು ಹಾಸಿದ್ದು ಎರೆ ಮಣ್ಣಿನ ನೆತ್ತಿಯ ಮೇಲೆ, ನೇರವಾಗಿ, ಒಂದಿಂಚು ಮರಳು ಉದುರಿಸಿ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಗೇಣಗಲ ಬಾಯಿ ಬಿಡುತ್ತದೆ. ಇದು ಇಲ್ಲಿ ಹುಟ್ಟಿದ ಎತ್ತಿಗೂ ಗೊತ್ತು. ಒಂದು ಮಳೆಗಾಲಕ್ಕೆ ಕಲ್ಲುಗಳು ಒಂದು ಮೇಲೆ ಒಂದು ಕೆಳಗೆ ಆಗಿವೆ, ಸಂದಿಯಲ್ಲಿ ಕೆಸರು ಪಿಚಕ್ಕನೆ ಹಾರುತ್ತದೆ. ಕೆಲಸ ಬಾಳಿಕೆ ಬರಬೇಕಿದ್ದರೆ ಒಂದೂವರೆ–ಎರಡಡಿ ಎರೆ ಮಣ್ಣು ತೋಡಿ ಹೊರಗೆ ಹಾಕಬೇಕು. ಮುರುಮ್, ಅಂದರೆ ಗರಸು ಮಣ್ಣು ತಂದು ಆರಾರು ಇಂಚಿನ ಪದರ ಹಾಕಿ, ಪ್ರತಿ ಪದರಕ್ಕೂ ನೀರು ಹೊಡೆದು ರೋಲರ್ ಆಡಿಸಬೇಕು. ನಡುವೆ ಎತ್ತರ, ಎರಡೂ ಬದಿಗೆ ಇಳಿಜಾರು, ಬದಿಗೆ ನೀರು ಹರಿದು ಹೋಗುವ ನಾಲಿ. ನಾಲಿ ತೆಗೆಯದಿದ್ದರೆ ಉಳಿದದ್ದೆಲ್ಲ ದಂಡ, ಯಾಕೆಂದರೆ ದಾರಿ ಕೆಡಿಸುವುದು ಗಾಡಿಯಲ್ಲ, ನಿಂತ ನೀರು. ಆದರೆ ನಾಲಿ ಫೋಟೊದಲ್ಲಿ ಚೆಂದ ಕಾಣುವುದಿಲ್ಲ ನೋಡಿ. ಅದರ ಜಾಗದಲ್ಲಿ ಸೆಲ್ಫಿ ಪಾಯಿಂಟ್ ಬಂದಿದೆ, ಹೃದಯದಾಕಾರದ ಕಬ್ಬಿಣದ ಚೌಕಟ್ಟು. ಅದಕ್ಕೆ ಈಗ ಯಾರದೋ ಎಮ್ಮೆ ಕಟ್ಟಿದೆ. ಫೋಟೊಕ್ಕೆ ಅದೇ ಚೆಂದ ನಿಲ್ಲುತ್ತದೆ.

ಬೋರ್ಡು ಬರೆಸುವುದರಲ್ಲಿ ಮಾತ್ರ ನಮ್ಮವರು ಮೌರ್ಯರಿಗೆ ಕಡಿಮೆಯಿಲ್ಲ. ಭೀಮಾ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ. ಪಕ್ಕದ ಕನಗನಹಳ್ಳಿಯಲ್ಲಿ ಅವನ ಚಿತ್ರವೇ ಕಲ್ಲಿನಲ್ಲಿದೆ, ‘ರಾಯ ಅಸೋಕ’ ಎಂದು ಬ್ರಾಹ್ಮೀ ಲಿಪಿಯ ಹೆಸರು ಸಮೇತ. ಹೆಸರಿಲ್ಲದೆ ಫೋಟೊ ಹಾಕಿಸಬಾರದೆಂಬ ಪದ್ಧತಿ ಅಷ್ಟು ಹಳೆಯದು. ಆ ಅಶೋಕ ತನ್ನ ಎರಡನೇ ಶಿಲಾಶಾಸನದಲ್ಲಿ ದಾರಿಗುಂಟ ಬಾವಿ ತೋಡಿಸಿದ್ದೇನೆ, ಗಿಡ ನೆಡಿಸಿದ್ದೇನೆ, ಮನುಷ್ಯರಿಗೂ ದನಕರುಗಳಿಗೂ ಆಗಲಿ ಎಂದು ಹೇಳಿಕೊಂಡಿದ್ದಾನೆ. ಬಾವಿ ಮೊದಲು, ಬರಹ ಆಮೇಲೆ. ನಾವು ಆ ಅನುಕ್ರಮವನ್ನು ಸರಳಗೊಳಿಸಿ ಬರಹವನ್ನಷ್ಟೇ ಉಳಿಸಿಕೊಂಡೆವು. ಸನ್ನತಿಯ ಆ ಶಾಸನದ ಕಲ್ಲು ದೇವಿಯ ಮೂರ್ತಿಗೆ ಪೀಠವಾಗಿ ಯಾರ ಕಣ್ಣಿಗೂ ಬೀಳದೆ ಇತ್ತು, ಗುಡಿಯ ಚಾವಣಿ ಕುಸಿದ ಮೇಲೆ ಹೊರಬಂತು. ನಮ್ಮ ಹಸಿರು ಬೋರ್ಡು ಅಷ್ಟು ಬಾಳುವುದಿಲ್ಲ. ಅದರ ತಗಡು ಈ ಬೇಸಿಗೆಗೇ ಯಾರದೋ ಕೋಳಿ ಗೂಡಿನ ಮೇಲೆ ಹೋಗುತ್ತದೆ, ಸದುಪಯೋಗವಾಗುತ್ತದೆ.

ಪಟ್ಟಣದಿಂದ ಹೀಗೆ ನಡೆಯಲೆಂದೇ ಬಂದವರನ್ನು ಕಂಡರೆ ಊರಿಗೆ ಗಾಬರಿ.

‘ಎಲ್ಲಿಗೆ ಹೊಂಟೀರಿ ಯಪ್ಪಾ?’

‘ಎಲ್ಲಿಗೂ ಇಲ್ಲಜ್ಜಾ, ಸುಮ್ನ ನಡೀಲಿಕ್ಕ.’

‘ಗಾಡಿ ಕೆಟ್ಟದೇನು? ಕೂಡ್ರಿ ಇಲ್ಲೇ, ನಮ್ಮ ಹುಡುಗ ಟ್ರ್ಯಾಕ್ಟರ್‌ನಾಗ ಬಿಟ್ಟು ಬರ್ತಾನ.’

ಕುಟುಂಬ ಸಮೇತ ಹೊಲಕ್ಕೆ ನಡೆಯುವುದನ್ನು ಈ ನಾಡಿಗೆ ಬೋರ್ಡು ಹಾಕಿ ಕಲಿಸಬೇಕಿಲ್ಲ. ಎಳ್ಳಮಾವಾಸ್ಯೆಯ ದಿನ ಬೀದರಿನಿಂದ ಯಾದಗಿರಿ ತನಕ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡಬು, ಅಂಬಲಿ ಬುಟ್ಟಿಯಲ್ಲಿ ಹೊತ್ತು, ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲಿ, ಹೊಲ ಇಲ್ಲದವರನ್ನೂ ಕರೆದು ಉಣಿಸುತ್ತಾರೆ. ಅದಕ್ಕೆ ಟೆಂಡರು ಕರೆಯುವುದಿಲ್ಲ.

ಆದರೂ ಬರುವವರು ಬನ್ನಿ, ಹೊತ್ತು ನೋಡಿ ಬನ್ನಿ. ಡಿಸೆಂಬರಿನಿಂದ ಫೆಬ್ರುವರಿ ವಾಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 43–44 ಡಿಗ್ರಿ ಮುಟ್ಟುತ್ತದೆ, ಬೆಳಿಗ್ಗೆ ಎಂಟೂವರೆಯೊಳಗೆ ನೆರಳು ಸೇರಬೇಕು, ದೊಡ್ಡವರಿಗೆ ತಲೆಗೊಂದು ಲೀಟರಾದರೂ ನೀರು ಕೈಯಲ್ಲಿರಬೇಕು. ತೊಗರಿ ಹೂ–ಕಾಯಿ ಕಟ್ಟುವ ಹೊತ್ತಿನಲ್ಲಿ ಕಾಯಿ ಕೊರಕ ಹುಳಕ್ಕೆ ಔಷಧ ಹೊಡೆಯುತ್ತಿರುತ್ತಾರೆ. ವಾಸನೆ ಬಂದರೆ ಗಾಳಿ ಬೀಸಿ ಬರುವ ಕಡೆಯಿಂದ ಆ ಹೊಲವನ್ನು ಸುತ್ತಿ ಹೋಗಿ. ಮಕ್ಕಳು ಹಸಿ ಕಾಯಿ ಕಿತ್ತು ಬಾಯಿಗೆ ಹಾಕದಂತೆ ನೋಡಿ. ಹೊಡೆದು ಎಷ್ಟು ದಿನವಾಯಿತೆಂದು ಹೊಲದವರನ್ನೇ ಕೇಳಿ, ಅವರು ಸುಳ್ಳು ಹೇಳುವುದಿಲ್ಲ. ತೊಗರಿ ಕೊಯ್ದ ಮೇಲೆ ಉಳಿಯುವ ಬುಡ ಮೂರ್ನಾಲ್ಕು ಇಂಚು, ಓರೆಯಾಗಿ ಕತ್ತರಿಸಿದ್ದು, ಮೊಳೆಯಂತೆ ಹವಾಯಿ ಚಪ್ಪಲಿಯನ್ನು ತೂರಿ ಪಾದಕ್ಕೇ ಬರುತ್ತದೆ. ಮಕ್ಕಳನ್ನು ಆ ಹೊಲದಲ್ಲಿ ಓಡಲು ಬಿಡಬೇಡಿ, ಬದುವಿನ ಮೇಲೆ ನಡೆಸಿ.

ಬೋರ್ಡಿನ ಕೊನೆಯ ಸಾಲು: ‘ಮುಂಜಾನೆ 5.30ಕ್ಕೆ ಹೊರಡುವುದು ಉತ್ತಮ.’

ಆ ಹೊತ್ತಿನಲ್ಲಿ ಆ ದಾರಿಯ ಬದಿಗೆ ಯಾರಿರುತ್ತಾರೆಂದು ಬರೆಸಿದವರಿಗೆ ಗೊತ್ತಿಲ್ಲವೇ? ಊರಿನ ಹೆಣ್ಣುಮಕ್ಕಳು ತಂಬಿಗೆ ಹಿಡಿದು ಕತ್ತಲಿರುವಾಗಲೇ ಬರುವ ಜಾಗ ಅದು. ಗಾಡಿಯ ಬೆಳಕು ಬಿದ್ದಾಗೊಮ್ಮೆ ಎದ್ದು ನಿಲ್ಲುತ್ತಾರೆ, ಗಾಡಿ ಹೋದ ಮೇಲೆ ಕೂರುತ್ತಾರೆ, ಮತ್ತೆ ಬೆಳಕು, ಮತ್ತೆ ಏಳು. ಎಪ್ಪತ್ತರ ಮುದುಕಿಯೂ, ಬಸುರಿಯೂ. 2019ರ ಅಕ್ಟೋಬರ್ 2ರಂದು ದೇಶದ ಹಳ್ಳಿಗಳೆಲ್ಲ ಬಯಲು ಶೌಚಮುಕ್ತವಾದವು ಎಂದು ಸಾರಲಾಯಿತು. ಶೌಚಾಲಯ ಕಟ್ಟಿಸಿದ್ದೂ ನಿಜ. ಒಂದು ಸಲಕ್ಕೆ ಎರಡು ಲೀಟರಾದರೂ ನೀರು ಸುರಿಯಬೇಕು, ನಳ ಬರುವುದು ನಾಲ್ಕು ದಿನಕ್ಕೊಮ್ಮೆ. ಹೀಗಾಗಿ ಒಳಗೆ ಕಟಗಿ, ಕುಳ್ಳು ಇಟ್ಟಿದ್ದಾರೆ. ಈಗ ಆ ಕತ್ತಲನ್ನೂ ಕಿತ್ತುಕೊಂಡು ಸೋಲಾರ್ ದೀಪ ಹಾಕಿ, ಟಾರ್ಚು ಹಿಡಿದವರನ್ನು ಕುಟುಂಬ ಸಮೇತ ಕಳಿಸುತ್ತೀರಿ. ಯಾರ ಕುಟುಂಬಕ್ಕೆ ಸ್ನೇಹಿ ಇದು? ನಗುವುದಕ್ಕೂ ಬೇಸರ ಬರುತ್ತದೆ.

ಎರಡನೇ ಹಂತದಲ್ಲಿ ಹತ್ತು ಸಿಮೆಂಟ್ ಬೆಂಚು ಬರಲಿವೆಯಂತೆ. ಬೆಂಚು ಬೇಡ. ಆ ದಾರಿ ಎರಡನೇ ಕಿಲೋಮೀಟರಿನಲ್ಲಿ ಹಳ್ಳಕ್ಕೆ ಇಳಿಯುತ್ತದೆ. ಜುಲೈ–ಆಗಸ್ಟಿನಲ್ಲಿ ಹೈಸ್ಕೂಲಿನ ಹುಡುಗಿಯರು ಚೀಲ ತಲೆಯ ಮೇಲಿಟ್ಟು, ಒಬ್ಬರ ಕೈ ಒಬ್ಬರು ಹಿಡಿದು ದಾಟುವುದು ಅಲ್ಲೇ. ನೀರು ಮೊಣಕಾಲು ದಾಟಿದ ದಿನ ಶಾಲೆಯಿಲ್ಲ. ಅಲ್ಲಿ ಎರಡಡಿ ಅಗಲದ ಸಿಮೆಂಟ್ ಪೈಪು, ಒಂದಲ್ಲ ಮೂರು ಸಾಲು, ಹಾಕಿ. ಸಣ್ಣ ಪೈಪು ಹಾಕಿದರೆ ಮೊದಲ ಪೂರಕ್ಕೇ ದಂಟು, ಜಾಲಿ ಟೊಂಗೆ ಸಿಕ್ಕು ಕಟ್ಟಿಕೊಳ್ಳುತ್ತದೆ, ನೀರು ಮೇಲೆ ಹರಿದು ದಾರಿಯನ್ನೇ ಒಯ್ಯುತ್ತದೆ. ಪೈಪಿನ ಎರಡೂ ಬಾಯಿಗೆ ಕಲ್ಲು ಕಟ್ಟಿಸಿ. ಕೆಲಸ ಮೇ ತಿಂಗಳೊಳಗೆ ಮುಗಿಸಿ. ಜೂನ್‌ನಲ್ಲಿ ಮಣ್ಣು ಸುರಿದರೆ ಮಣ್ಣು ಭೀಮೆಗೆ ಹೋಗುತ್ತದೆ, ಬಿಲ್ಲು ಮಾತ್ರ ಪಾಸಾಗುತ್ತದೆ.