ರಕ್ತದಲ್ಲಿ ಪ್ರತಿಕಾಯ ಇದ್ದ ಮಾತ್ರಕ್ಕೆ ಮೂಗಿಗೆ ಬೀಗ ಬಿದ್ದಂತಲ್ಲ

'ಒಮ್ಮೆ ಕೋವಿಡ್ ಅಥವಾ ಫ್ಲೂ ಬಂದುಹೋಗಿ, ರಕ್ತಪರೀಕ್ಷೆಯಲ್ಲಿ ಪ್ರತಿಕಾಯ (ಆಂಟಿಬಾಡಿ) ಹೆಚ್ಚಿದ್ದರೆ ಆ ವೈರಸ್ ಮತ್ತೆ ಒಳಗೆ ಕಾಲಿಡುವುದಿಲ್ಲ' ಎಂಬ ಸಂದೇಶ ಮೊಬೈಲ್‌ಗಳಲ್ಲಿ ಸುತ್ತುತ್ತಿದೆ. ಇದು ಅರ್ಧ ನಿಜ, ಅಷ್ಟೇ.

ಇಂಥ ಪರೀಕ್ಷೆ ಸಾಮಾನ್ಯವಾಗಿ ಅಳೆಯುವುದು ರಕ್ತದ ಐಜಿಜಿ ಪ್ರತಿಕಾಯವನ್ನು. ವೈರಸ್ ಮೊದಲು ಬಂದಿಳಿಯುವುದು ಮೂಗು, ಗಂಟಲಿನ ಲೋಳೆಪೊರೆಯ ಮೇಲೆ. ಅಲ್ಲಿನ ಮುಖ್ಯ ಕಾವಲುಗಾರ ಐಜಿಎ ಎಂಬ ಇನ್ನೊಂದು ಬಗೆಯ ಪ್ರತಿಕಾಯ. ಪೊರೆಯ ಅಡಿಯಲ್ಲಿರುವ ಪ್ಲಾಸ್ಮಾ ಕೋಶಗಳು ಇದನ್ನು ಬಹುಪಾಲು ಜೋಡಿ ಅಣುಗಳಾಗಿ ತಯಾರಿಸುತ್ತವೆ; ಮೇಲ್ಪದರದ ಜೀವಕೋಶಗಳು ಆ ಜೋಡಿಯನ್ನು ಹೊತ್ತು ಆಚೆಯ ಲೋಳೆಗೆ ಬಿಡುತ್ತವೆ. ವೈರಸ್ ಜೀವಕೋಶಕ್ಕೆ ಅಂಟುವ ಮೊದಲೇ ಅದನ್ನು ಹಿಡಿದು ಸಿಂಬಳದೊಂದಿಗೆ ಸಾಗಹಾಕುವುದು ಇದರ ಕೆಲಸ. (ನಾವು ಮುಖ ಸಿಂಡರಿಸುವ ಸಿಂಬಳಕ್ಕೆ ಇಷ್ಟಾದರೂ ಮರ್ಯಾದೆ ಸಲ್ಲಬೇಕು.) ತೊಡಕಿರುವುದು ಇಲ್ಲೇ: ತಿಂಗಳುಗಳು ಕಳೆದಂತೆ ಈ ಐಜಿಎ ಕುಗ್ಗುತ್ತದೆ, ರಕ್ತದ ವರದಿ ಇನ್ನೂ ಚೆನ್ನಾಗಿ ಕಾಣುತ್ತಿರುವಾಗಲೂ.

1990ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ನೆಗಡಿ ತರುವ 229ಇ ಕೊರೊನಾವೈರಸ್ ಸೋಂಕು ತಗುಲಿದ್ದ 9 ಸ್ವಯಂಸೇವಕರ ಮೂಗಿಗೆ ಒಂದು ವರ್ಷದ ಬಳಿಕ ಅದೇ ವೈರಸ್ ಹಾಕಿದಾಗ 6 ಮಂದಿಗೆ ಮತ್ತೆ ಸೋಂಕಾಯಿತು. ಆದರೆ ಅವರಲ್ಲಿ ಒಬ್ಬರಿಗೂ ನೆಗಡಿ ಬರಲಿಲ್ಲ.

ಹಾಗೆಂದು 'ಐಜಿಜಿ ದಂಡ' ಎಂಬ ಮರುಸಂದೇಶ ಹರಡುವುದೂ ಬೇಡ. ಅದು ರಕ್ತದಿಂದ ಶ್ವಾಸಕೋಶದ ಆಳದ ಗಾಳಿಗೂಡುಗಳಿಗೆ ಜಿನುಗುತ್ತದೆ. ಹಳೆಯ ಸೋಂಕನ್ನು ನೆನಪಿಟ್ಟುಕೊಳ್ಳುವ ರಕ್ಷಣಾ ಕೋಶಗಳಾದ ಸ್ಮೃತಿ ಟಿ ಕೋಶಗಳ ಜೊತೆಗೂಡಿ ಕಾಯಿಲೆ ಉಲ್ಬಣಿಸದಂತೆ ತಡೆಯುತ್ತದೆ.