ಗಾಡಿ ಇಲ್ಲ, ಬಸ್ಸಲ್ಲಿ ಬಂದೆ

ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಕೂತು ಎರಡು ನಿಮಿಷ ಆಗಿರಲಿಲ್ಲ. ಅಂಗಡಿಯವರು ಕುಡಿಯಲು ನೀರು ಕೊಟ್ಟು, "ಗಾಡಿ ಏನ್ರಿ ಸರ?" ಅಂದರು.

"ಇಲ್ಲ, ಬಸ್ಸಲ್ಲಿ ಬಂದೆ" ಅಂದೆ.

ಸೀರೆ ಮಡಚುತ್ತಿದ್ದ ಹುಡುಗ ಗೋಡೆ ಕಡೆ ತಿರುಗಿ ನಿಂತ. ಹೆಗಲು ಅಲುಗಾಡುತ್ತಿತ್ತು. ಅಂಗಡಿಯವರು ದೊಡ್ಡ ಮನುಷ್ಯರು, ನಗಲಿಲ್ಲ. "ಬಸ್ಸಿನ ದಡಿ ಇನ್ನೂ ಯಾರೂ ನೇಯ್ದಿಲ್ರಿ" ಅಂತ ಹೇಳಿ ಮೂರು ಸೀರೆ ಹರವಿದರು.

ದಡಿ ಅಂದರೆ ನಮ್ಮ ಕಡೆಯ ಅಂಚು, ಬಾರ್ಡರ್. ಇಳಕಲ್ ಸೀರೆಗೆ ಗೋಮಿ, ಪರಾಸಪೇಟೆ, ಗಾಡಿ ಅಂತೆಲ್ಲ ದಡಿಗಳುಂಟು. ಪರಾಸದಲ್ಲಿ ಮತ್ತೆ ಚಿಕ್ಕಿ ಪರಾಸ, ದೊಡ್ಡ ಪರಾಸ. ಸೆರಗಿಗೆ ಬಂದರೆ ಒಂದರಲ್ಲಿ ಬಾಚಣಿಗೆಯ ಹಲ್ಲು, ಇನ್ನೊಂದರಲ್ಲಿ ಜೋಳದ ತೆನೆ, ಮತ್ತೊಂದರಲ್ಲಿ ಕೋಟೆಯ ಗೋಡೆ. ನಾನು ಮೈಸೂರಿನವನು. ಸೀರೆಯಲ್ಲಿ ನನಗೆ ಗೊತ್ತಿದ್ದ ನಮೂನೆ ಎರಡೇ. ಹೂವು ಇರೋದು, ಹೂವು ಇಲ್ಲದ್ದು.

ಬಾದಾಮಿ ನೋಡಲು ಬಂದವನು ನಾನು. ಹೆಂಡತಿ ಬಾಗಲಕೋಟೆ ಕಡೆಯವಳು. "ಹಂಗ ಇಳಕಲ್ಲಿಗೆ ಹೋಗಿ ಅವ್ವಗ ಒಂದ್ ಸೀರಿ ತಂದ್ಬಿಡ್ರಿ" ಅಂದಿದ್ದಳು. ಆ 'ಹಂಗ'ಕ್ಕೆ ಅರ್ಧ ದಿನ ಹಿಡಿಯಿತು. ಅತ್ತೆ ಹತ್ತಿರ ಇರೋದು ಗುಂಡಿ ಒತ್ತುವ ಫೋನು. ಫೋಟೊ ಕಳಿಸುವ ಹಾಗಿಲ್ಲ. ಬಣ್ಣವನ್ನು ಬಾಯಲ್ಲೇ ಹೇಳಬೇಕು.

"ಕೆಂಪು ಇದೆ ಅತ್ತೆ."

"ಯಾವ ಕೆಂಪ್ರೀ?"

"ಕೆಂಪು ಕೆಂಪು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಮಗಳನ್ನು ಯಾರಿಗೆ ಕೊಟ್ಟೆ ಅಂತ ಲೆಕ್ಕ ಹಾಕುತ್ತಿದ್ದರೋ ಏನೋ. ಆಮೇಲೆ ಕೇಳಿದರು: "ಕುಂಕುಮದ್ದೋ, ಇಟ್ಟಂಗಿದ್ದೋ, ಮೆಣಸಿನಕಾಯಿದ್ದೋ?"

ಮೆಣಸಿನಕಾಯಿ ನನಗೆ ಗೊತ್ತಿರುವ ಪದಾರ್ಥ. "ಹ್ಞಾ, ಒಣ ಮೆಣಸಿನಕಾಯಿ!" ಅಂದೆ, ಪರೀಕ್ಷೆ ಪಾಸಾದವನ ಹಾಗೆ.

"ಹೊಸಾದೋ, ಹ್ವಾದ ವರ್ಷದ್ದೋ?"

ಅವರು ಸುಮ್ನೆ ಕೇಳಿದ್ದಲ್ಲ. ಬ್ಯಾಡಗಿ ಮೆಣಸಿನಕಾಯಿ ಹೊಸದಿದ್ದಾಗ ಕಡುಗೆಂಪು. ಹೊರಗೇ ಇಟ್ಟು ವರ್ಷ ಕಳೆದರೆ ಬಣ್ಣ ಬಿಡುತ್ತದೆ. ಆ ಊರಲ್ಲಿ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಇರೋದೂ ಅದಕ್ಕೇ. ನೋಡಿದರೆ ನಮ್ಮ ಬಣ್ಣಗಳೆಲ್ಲ ಅಡುಗೆಮನೆಯಲ್ಲೇ ಹುಟ್ಟಿದ ಹಾಗಿವೆ. ಅರಿಶಿನ, ಬದನೆಕಾಯಿ, ಈರುಳ್ಳಿ ಸಿಪ್ಪೆ, ಕಾಫಿಪುಡಿ. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಒಂದರ ಹೆಸರು ಮೆಂತಿ. ಅಡುಗೆಮನೆಗೆ ನೀರು ಕುಡಿಯಲು ಮಾತ್ರ ಹೋಗುವ ಗಂಡಸಿಗೆ ಬಣ್ಣ ಹೇಳು ಅಂದರೆ ಹೇಗೆ ಹೇಳಬೇಕು?

ಬೆವರು ಒರೆಸಿಕೊಳ್ಳುತ್ತಾ ಪಕ್ಕದ ಸೀರೆ ನೋಡಿದೆ. ಹಳದಿ ಒಡಲು, ಕೆಂಪು ದಡಿ. "ಅತ್ತೆ, ಇನ್ನೊಂದಿದೆ. ನಮ್ಮ ಕನ್ನಡ ಬಾವುಟ ಇದ್ದ ಹಾಗೇ ಇದೆ!"

"ಉಟ್ಟು ಕಂಬ ಹತ್ಲೇನ್ರೀ ನಾ?"

ನಾನು ಬಾವುಟದ ಹೆಸರು ಎತ್ತಬಾರದಿತ್ತು. ಅದಕ್ಕೆ ಹಿಂದಿನ ಕತೆ ಇದೆ, ಹೆಂಡತಿ ಅದನ್ನು ತವರಿಗೆ ವರದಿ ಮಾಡಿಯೂ ಆಗಿದೆ.

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಬಾವುಟ ಹೊಲಿಸುವ ಕೆಲಸ ನನಗೆ ಬಿದ್ದಿತ್ತು. ಮ. ರಾಮಮೂರ್ತಿ ಅವರು 1960ರ ದಶಕದಲ್ಲಿ ರೂಪಿಸಿದ ಬಾವುಟ, ಮಕ್ಕಳಿಗೂ ಗೊತ್ತು, ಇದರಲ್ಲಿ ತಪ್ಪಾಗೋದು ಏನಿದೆ ಅಂದುಕೊಂಡೆ. ಟೈಲರ್‌ಗೆ ಫೋನ್ ಮಾಡಿ, "ಮೂರಡಿ ಉದ್ದ, ಎರಡಡಿ ಅಗಲ. ಅರ್ಧ ಹಳದಿ, ಅರ್ಧ ಕೆಂಪು" ಅಂದೆ. ಅವರು ಊರಿಗೆ ಹೊಸಬರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವರು. ನವೆಂಬರ್ 1ರ ಬೆಳಿಗ್ಗೆ ಪೊಟ್ಟಣ ಬಿಚ್ಚಿದರೆ ಎಡಕ್ಕೆ ಹಳದಿ, ಬಲಕ್ಕೆ ಕೆಂಪು. ಅರಿಶಿನ ಕುಂಕುಮದ ಬಟ್ಟಲು ಪಕ್ಕಪಕ್ಕ ಇಟ್ಟ ಹಾಗೆ.

"ಅರ್ಧ ಅರ್ಧ ತಾನೇ ಸಾರ್ ಹೇಳಿದ್ದು? ಟೇಪ್ ಹಿಡಿದು ನೋಡಿ" ಅಂದರು. ಟೇಪ್ ಹಿಡಿದೆ. ಒಂದು ನೂಲೂ ಆಚೀಚೆ ಇರಲಿಲ್ಲ.

'ಅಡ್ಡ' ಅನ್ನೋ ಎರಡಕ್ಷರ ನಾನು ಹೇಳಿರಲಿಲ್ಲ. ತ್ರಿವರ್ಣ ಧ್ವಜ ಮಾಡಿದವರು ಎಷ್ಟು ಜಾಣರು ನೋಡಿ. 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ನಿರ್ಣಯ ಬಣ್ಣದ ಹೆಸರು ಎತ್ತುವುದಕ್ಕೂ ಮೊದಲು ಪಟ್ಟೆಗಳು ಅಡ್ಡ ಅಂತ ಹೇಳಿಬಿಡುತ್ತದೆ. ಆಮೇಲೆ ಕಡು ಕೇಸರಿ, ಬಿಳಿ, ಕಡು ಹಸಿರು, ಮೂರೂ ಸಮಪಾಲು. ಬರೀ ಹಸಿರು ಅಂದಿದ್ದರೆ ಗಿಣಿಯದ್ದೋ ಪಾಚಿಯದ್ದೋ ಅಂತ ಯಾರಾದರೂ ಕೇಳದೆ ಬಿಡುತ್ತಿರಲಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವವರು ಅಳತೆ, ಹೊಲಿಗೆ, ಬಣ್ಣ ಎಲ್ಲವನ್ನೂ ಸರ್ಕಾರಿ ಮಾನದಂಡಕ್ಕೆ ತಾಳೆ ನೋಡುತ್ತಾರೆ. ನನ್ನ ಮಾನದಂಡ ಒಂದು ಫೋನ್ ಕಾಲ್.

ಕೊನೆಗೆ ಸೆಕ್ಯುರಿಟಿಯವರಿಗೆ ಉಪಾಯ ಹೊಳೆಯಿತು. ಬಾವುಟವನ್ನು ಕಾಲು ಸುತ್ತು ತಿರುಗಿಸಿದರೆ ಹಳದಿ ಮೇಲೆ, ಕೆಂಪು ಕೆಳಗೆ! ಹಗ್ಗದ ಪಟ್ಟಿಯನ್ನು ಬಿಚ್ಚಿ ಇನ್ನೊಂದು ಬದಿಗೆ ಪಿನ್ನು ಹಾಕಿದೆವು. ಬಣ್ಣ ಸರಿಹೋಯಿತು. ಆದರೆ ಅಗಲಕ್ಕಿಂತ ಎತ್ತರ ಜಾಸ್ತಿಯಾಗಿ, ಯಾರೋ ಸ್ನಾನ ಮಾಡಿ ಟವೆಲ್ ಒಣಹಾಕಿದ ಹಾಗೆ ಸಂಜೆವರೆಗೂ ನೇತಾಡಿತು.

ಇರಲಿ, ಇಳಕಲ್ಲಿಗೆ ಬರೋಣ. ಅತ್ತೆ ನನ್ನ ಮೇಲೆ ಆಸೆ ಬಿಟ್ಟು, "ಫೋನ್ ಅಂಗಡ್ಯಾವ್ರಿಗೆ ಕೊಡ್ರಿ" ಅಂದರು. ಇಬ್ಬರದೂ ಒಂದೇ ನಿಮಿಷದಲ್ಲಿ ಮುಗಿಯಿತು. ದಾಳಿಂಬ್ರಿ ಬಣ್ಣ, ಚೌಕಡಿ ಬೇಡ, ಗೋಮಿ ದಡಿ, ತೆನೆಯ ಸೆರಗು. ನನಗೆ ಅಸೂಯೆಯೇ ಆಯಿತು.

ಫೋನ್ ಇಟ್ಟ ಮೇಲೆ ಅಂಗಡಿಯವರು ಎರಡು ಸೀರೆ ಇಟ್ಟರು. "ಎರಡೂ ದಾಳಿಂಬ್ರಿನ ರೀ ಸರ. ಒಂದು ಕಾಳಿಂದು, ಒಂದು ಸಿಪ್ಪಿದು. ಯಾವ್ದು ಕಟ್ಲಿ?"

ಮತ್ತೆ ಫೋನ್ ಮಾಡುವ ಧೈರ್ಯ ಆಗಲಿಲ್ಲ. ದಾಳಿಂಬೆಯಲ್ಲಿ ಮನುಷ್ಯರು ತಿನ್ನೋದು ಕಾಳು ತಾನೇ? "ಕಾಳಿಂದೇ ಕೊಡಿ" ಅಂದೆ, ಸ್ವಲ್ಪ ಗತ್ತಿನಿಂದ.

ಅತ್ತೆ ಸೀರೆಯನ್ನು ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದರು. ನನ್ನ ಮುಖ ನೋಡಿದರು, ಮತ್ತೆ ಸೀರೆ ನೋಡಿದರು. "ಭಾಳ ಚಂದ ಐತ್ರಿ" ಅಂದರು. ಸಿಪ್ಪೆ ಅನ್ನೋ ಮಾತೇ ಎತ್ತಲಿಲ್ಲ. ಗೆದ್ದೆ ಅಂದುಕೊಂಡು ಒಳಗೆ ಹೋಗಿ ಚಹಾಕ್ಕೆ ಕೂತೆ.

ಅಷ್ಟರಲ್ಲಿ ಪಕ್ಕದ ಮನೆಯವರು ಬಂದ ಸದ್ದು. "ಇದ್ಯಾವ ಬಣ್ಣಬೇ ಯಕ್ಕಾ?" ಅಂತ ಕೇಳಿದರು.

"ಇದಾ? ಕೆಂಪು ಕೆಂಪು ಅಂತ" ಅಂದರು ಅತ್ತೆ. "ನಮ್ಮ ಅಳ್ಯಾನ ಊರ ಕಡೆ ಸಿಗತೈತಿ."