ಇಂಟರಪ್ಟ್ ನಡುವೆಯೇ ಸಾಧನವನ್ನು ಎಬ್ಬಿಸಬೇಕೇ?

ಮಂಡ್ಯದ ನಾಲೆಗಳಲ್ಲಿ ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿ ಗೊತ್ತಿರುವವರಿಗೆ ಲಿನಕ್ಸ್‌ನ ರನ್‌ಟೈಮ್ ವಿದ್ಯುತ್ ನಿರ್ವಹಣೆ ಹೊಸದೆನಿಸುವುದಿಲ್ಲ. 2009ರ 2.6.32ನೇ ಆವೃತ್ತಿಯಿಂದ ಲಿನಕ್ಸ್‌ನ ತಿರುಳಾದ ಕರ್ನೆಲ್ ಒಂದೊಂದು ಸಾಧನಕ್ಕೂ ನೀರುಗಂಟಿಯಂತೆ ಲೆಕ್ಕವಿಡುತ್ತಿದೆ: ಬಳಕೆಯ ಎಣಿಕೆ ಸೊನ್ನೆಯಾದರೆ ಮಲಗಿಸುವುದು, ಕೆಲಸ ಬಂದರೆ ಎಬ್ಬಿಸುವುದು. ಎಬ್ಬಿಸುವ ಕಾಲ್‌ಬ್ಯಾಕ್ (ಕರ್ನೆಲ್ ಕರೆಯುವ ಡ್ರೈವರ್‌ನ ಫಂಕ್ಷನ್) ಸಾಮಾನ್ಯವಾಗಿ ಅಗತ್ಯವಿದ್ದಷ್ಟು ಹೊತ್ತು ಕಾಯಬಹುದು. ಡ್ರೈವರ್ ‘ಐಆರ್‌ಕ್ಯೂ ಸೇಫ್’ (ಇಂಟರಪ್ಟ್ ನಡುವೆಯೂ ಸುರಕ್ಷಿತ) ಎಂದು ಗುರುತು ಹಾಕಿದರೆ ಮಾತ್ರ ಅದು ನಿದ್ರಿಸಲು ಬಿಡದ ಬೀಗವಾದ ಸ್ಪಿನ್‌ಲಾಕ್ ಹಿಡಿದು, ಇಂಟರಪ್ಟ್‌ಗಳನ್ನು (ಸಾಧನಗಳು ಸಿಪಿಯುವನ್ನು ಕರೆಯುವ ತುರ್ತು ಸಂಕೇತಗಳನ್ನು) ತಡೆದ ಸ್ಥಿತಿಯಲ್ಲೇ ಓಡುತ್ತದೆ. ಆ ಗುರುತು ಬೇಕೇ?

ಪರ

ತಡವೇ ನಷ್ಟವಾಗುವ ಕಡೆ ಬೇಕೇ ಬೇಕು. ವಿಶ್ವೇಶ್ವರಯ್ಯ ನಾಲೆಯ ನೀರಿನ ಮಟ್ಟ ಅಳೆಯುವ ಸೆನ್ಸರ್ ಒಂದು ಸೀರಿಯಲ್ ತಂತಿಯಲ್ಲಿ ಸೆಕೆಂಡಿಗೆ 1,15,200 ಬಿಟ್ ಕಳುಹಿಸುತ್ತಿದೆ ಎನ್ನಿ. ಆರಂಭ, ಅಂತ್ಯದ ಬಿಟ್ ಸೇರಿ ಬೈಟಿಗೆ ಹತ್ತು ಬಿಟ್ ಆದ್ದರಿಂದ ಸುಮಾರು 87 ಮೈಕ್ರೋಸೆಕೆಂಡಿಗೊಂದು ಬೈಟ್. ಎಬ್ಬಿಸುವ ಕೆಲಸವನ್ನು ಆಮೇಲೆ ಮಾಡುವ ಕೆಲಸಗಳ ಸಾಲಾದ ವರ್ಕ್‌ಕ್ಯೂಗೆ ಒಪ್ಪಿಸಿ ಒಂದು ಮಿಲಿಸೆಕೆಂಡ್ ತಡವಾಯಿತೋ, ಹನ್ನೊಂದು ಬೈಟ್ ಮಣ್ಣುಪಾಲು. ಎಬ್ಬಿಸದೆ ಸಾಧನದ ರಿಜಿಸ್ಟರ್ (ಅದನ್ನು ನಿಯಂತ್ರಿಸುವ ಪುಟ್ಟ ಸ್ಮೃತಿಕೋಶ) ಮುಟ್ಟುವಂತೆಯೂ ಇಲ್ಲ. ಸಾಧನವನ್ನು ನಡೆಸುವ ಮಿಡಿತವಾದ ಕ್ಲಾಕ್ ನಿಂತಾಗ ಮುಟ್ಟಿದರೆ ಹಲವು ಚಿಪ್‌ಗಳಲ್ಲಿ ಕರ್ನೆಲ್ಲೇ ಕುಸಿಯುತ್ತದೆ. ಕ್ಲಾಕ್ ತೆರೆಯಲು ಒಂದೆರಡು ರಿಜಿಸ್ಟರ್ ಬರೆದರೆ ಸಾಕೆನ್ನುವಾಗ ಇಂಟರಪ್ಟ್‌ಗೆ ಓಗೊಡುವ ಫಂಕ್ಷನ್ ಆದ ಇಂಟರಪ್ಟ್ ಹ್ಯಾಂಡ್ಲರ್‌ನಲ್ಲೇ ಬರೆದು ಮುಗಿಸುವುದು ಸರಿ.

ವಿರೋಧ

ತೂಬು ಎತ್ತಿದ ಕ್ಷಣವೇ ನೀರು ಬೇಕೆಂದರೆ ಮೇಲಿನ ನಾಲೆ ಹಗಲಿರುಳೂ ಹರಿಯುತ್ತಿರಬೇಕು. ಗುರುತಿನ ನಿಜವಾದ ಬೆಲೆ ಅದು. ಪೋಷಕ ಸಾಧನದ (ಈ ಸಾಧನ ಜೋಡಿಸಿಕೊಂಡಿರುವ ಬಸ್‌ನಂಥ ಮೇಲಿನ ಸಾಧನದ) ಕಾಲ್‌ಬ್ಯಾಕ್‌ಗೆ ಕಾಯುವ ಅಗತ್ಯ ಬೀಳಬಹುದು, ಇಂಟರಪ್ಟ್ ತಡೆದಾಗ ಕಾಯುವಂತಿಲ್ಲ. ಹಾಗಾಗಿ ಕರ್ನೆಲ್ ಪೋಷಕದ ಎಣಿಕೆಯನ್ನು ಏರಿಸಿಟ್ಟು ಅದನ್ನು ಮಲಗಲು ಬಿಡುವುದೇ ಇಲ್ಲ. ಒಂದು ಚಿಕ್ಕ ಸಾಧನದ ಕ್ಲಾಕ್ ಉಳಿಸಲು ಹೋಗಿ ಅದರ ಮೇಲಿನ ಬಸ್ಸೇ ಸದಾ ಎಚ್ಚರ. ದಂಡೆಯ ಮೇಲೆ ಬ್ಯಾಟರಿಯಲ್ಲಿ ನಡೆಯುವ ಪೆಟ್ಟಿಗೆಗೆ ಇದು ಸಣ್ಣ ಹೊರೆಯಲ್ಲ. ಹೊರಗಿನಿಂದ ಇದು ಕಾಣುವುದೂ ಇಲ್ಲ ಎಂಬುದು ನನ್ನ ದೊಡ್ಡ ತಕರಾರು: ಸಾಧನ ಮಲಗಿದೆ ಎಂದೇ ತೋರುತ್ತದೆ, ಬ್ಯಾಟರಿ ಮಾತ್ರ ಇಳಿಯುತ್ತಿರುತ್ತದೆ.

ಒಂದೆರಡು ರಿಜಿಸ್ಟರ್ ಎಂಬ ಭರವಸೆಯೂ ಬಹುಕಾಲ ಬಾಳುವುದಿಲ್ಲ. ಮುಂದಿನ ಬೋರ್ಡ್‌ನಲ್ಲಿ ಐ2ಸಿ ಎಂಬ ನಿಧಾನದ ತಂತಿಯ ಆಚೆಗಿನ ರೆಗ್ಯುಲೇಟರ್ (ವೋಲ್ಟೇಜ್ ನಿಯಂತ್ರಕ) ಬಂದರೆ ಅದನ್ನು ಹಚ್ಚಲು ಕಾಯಲೇಬೇಕು. ಕಾಯಿಸಬಹುದಾದ ಬೀಗವಾದ ಮ್ಯೂಟೆಕ್ಸ್ ಹಿಡಿಯುವ, ಕ್ಲಾಕನ್ನು ಅಣಿಗೊಳಿಸುವ ‘ಕ್ಲಾಕ್ ಪ್ರಿಪೇರ್’ ಕೂಡ ಅಲ್ಲಿ ನಿಷಿದ್ಧ. ವೋಲ್ಟೇಜ್ ನೆಲೆಗೊಳ್ಳುವವರೆಗೆ ಸುತ್ತು ಹಾಕುತ್ತಾ ನಿಂತರೆ ಆ ಸಿಪಿಯು ಅಷ್ಟು ಹೊತ್ತು ಕಿವುಡು.

ಹನ್ನೊಂದು ಬೈಟ್ ಉಳಿಸಲು ಬೇರೆ ದಾರಿಯಿದೆ. ಸೆನ್ಸರ್ ಮೊದಲು ಎಚ್ಚರಿಸುವ ಒಂದು ಬೈಟ್ ಕಳುಹಿಸಿ ಐದು ಮಿಲಿಸೆಕೆಂಡ್ ತಾಳಲಿ. ಇಂಟರಪ್ಟ್ ತಡೆಯದೆ ಓಡುವ, ಕಾಯಬಲ್ಲ ಥ್ರೆಡ್ ಹ್ಯಾಂಡ್ಲರ್ ನಿಧಾನವಾಗಿ, ಪೋಷಕವನ್ನೂ ಸೇರಿಸಿಯೇ ಎಬ್ಬಿಸುತ್ತದೆ. ಅಷ್ಟರಲ್ಲಿ ನಾಲೆಯ ನೀರು ಕೂದಲೆಳೆಯಷ್ಟೂ ಏರಿರುವುದಿಲ್ಲ.